ರೀ ಎಲ್ಲಿ ಇಡಬೇಕು

ಸೇಡಂ ರೋಡಿನ ದವಾಖಾನಿ, ಎರಡನೇ ಮಾಳಿಗಿ,
ಎಕ್ಸ್‌ರೇ ಕೋಣಿ ಹಿಂದ ನಮ್ಮ ಸಾಲಿ.
ಮಧ್ಯಾಹ್ನ ಮೂರರಿಂದ ಮೂರುವರಿ.
ನಾನು, ರಹಮತ್ ಬೀ, ಲಿಫ್ಟಿನ ಖಾಸಿಂ,
ಸ್ಟ್ರೆಚರ್ ನೂಕೋ ಹುಡುಗರಿಬ್ಬರು.
ಕಲಿಸೋಕಿ ನನ್ನ ಮಗಳಕಿಂತ ಸಣ್ಣಾಕಿ,
ಗ್ವಾಡಿಗಿ ಹಾಳಿ ಅಂಟಿಸ್ಯಾಳ:
ಪ್ಲೀಸ್. ಥ್ಯಾಂಕ್ ಯೂ. ಸಾರಿ. ಎಕ್ಸ್‌ಕ್ಯೂಸ್ ಮಿ.
ಇವು ನಾಕು ಬಂದ್ರ ಸಾಕಂತ,
ದವಾಖಾನಿಗಿ ಒಂದು ಸ್ಟಾರ್ ಹೆಚ್ಚಿಗಿ ಬರ್ತದಂತ.

ಮೇಡಂ, ಅಂದೆ, ನಮ್ಮ 'ರೀ' ಎಲ್ಲಿ ಇಡಬೇಕು?
ಬರ್ರಿ, ಕೂಡ್ರಿ, ಈ ಮಗ್ಗಲಿಗಿ ಹೊರಳ್ರಿ,
ಸೂಜಿ ಚುಚ್ತಾರ, ಜರಾ ತಡಕೋರಿ,
ನಾವು ಮಾತಿನ ತುದಿಗಿ ಕಟ್ತೀವಿ ಅದನ್ನ,
ಸೆರಗಿನ ಚುಂಗಿಗಿ ಚಿಲ್ಲರ ಕಟ್ಟಿದಂಗ.
ನೀವು ಬಿಚ್ಚಿ ಮುಂದ ತಂದು
ಪ್ಲೀಸ್ ಅಂತ ಹೆಸರಿಟ್ಟು
ಬಾಗಿಲದಾಗ ನಿಂದ್ರಿಸ್ತೀರಿ.

ನಕ್ಕಳು. ಹಂಗೇ ತಿಳಕೋರಿ, ಅಂದ್ಲು.

ಇನ್ನೊಂದು ಕೇಳಿದೆ:
ಯೂ ಅಂದ್ರ ನೀ ಏನ್ರಿ, ನೀವು ಏನ್ರಿ?
ಎರಡೂ.
ನನಗೂ ಯೂ, ದೊಡ್ಡ ಡಾಕ್ಟರಿಗೂ ಯೂ?
ಹೌದು.
ರಹಮತ್ ಬೀ ಬಾಯಿಮ್ಯಾಲ ಕೈ ಇಟ್ಟಳು.
ಖಾಸಿಂಗ ಬ್ಯಾರೇ ಚಿಂತಿ:
ಹಂಗಾರ ಆ ಮಂದಿ
ಜಗಳ ಹ್ಯಾಂಗ ಶುರು ಮಾಡ್ತಾರ?

ರಾತ್ರಿ ಮನ್ಯಾಗ ಸೊಸಿ ಬಿಸಿ ರೊಟ್ಟಿ ಹಾಕಿದ್ಲು.
ಥ್ಯಾಂಕ್ ಯೂ, ಅಂದೆ.
ಹಂಚು ಒಲಿಮ್ಯಾಲೇ ಬಿಟ್ಟು ಎದ್ದು ಬಂದ್ಲು:
ಅತ್ತಿ, ನಾ ಏನು ತಪ್ಪು ಮಾಡೀನಿ?
ಪರಮಂದಿಗಿ ಅಂದಂಗ ಅಂತೀರಲ್ಲ!
ಇನ್ನೊಂದು ಹಾಕು, ಅಂದೆ, ಶೇಂಗಾ ಹಿಂಡಿನೂ.
ಆಗ ಮುಖ ಅರಳ್ತು ಅಕಿದು.
ಹೊಟ್ಟಿ ತುಂಬಿತ್ತು ನಂದು. ಆದ್ರೂ ಉಂಡೆ.

ಏಳನೇ ನಂಬರ್ ಮಂಚದ ಚಿತ್ತಾಪುರದ ಮುತ್ಯಾ
ನಸುಕಿನ್ಯಾಗ ಹೋದ.
ಡಾಕ್ಟರ್ ಬಂದು, ವಾಚ್ ನೋಡಿ, ಸಾರಿ ಅಂದ್ರು.
ಹಿಂದಿನ ದಿನ ನನ್ನ ಬಕೀಟಿಗಿ ಕಾಲು ತಾಗಿದಾಗೂ
ಅದೇ ಸಾರಿ, ಅಷ್ಟೇ ಉದ್ದದ್ದು.
ಮುದುಕಿ ನನ್ನ ಕಡಿ ಹೊರಳಿ
ಏನಂದ್ರವ್ವಾ ಸಾಹೇಬ್ರು? ಅಂದ್ಲು.
ಸಾಲ್ಯಾಗ ಕಲಿಸಿದ್ದು ಯಾವುದೂ ನಾಲಿಗಿಗಿ ಬರಲಿಲ್ಲ.
ಅವರಿಗೂ ಕಳ್ಳು ಕಿತ್ತು ಬಂದಂಗ ಆಗ್ಯಾದಂತ ಯವ್ವಾ, ಅಂದೆ.
ಸುಳ್ಳು ಹೇಳಿದೆ ಅಂತ ದಿನಾ ಪೂರ್ತಿ ಕೊರೀತಿತ್ತು.
ವಾಚ್ ನೋಡಿದ್ದು ಜೀವ ಹೋದ ಹೊತ್ತು ಬರೀಲಿಕ್ಕಂತ
ಆಮ್ಯಾಲ ನರ್ಸ್ ಹೇಳಿದ್ಲು.
ಖರೇ ಹೇಳಿದ್ನೋ ಏನೋ ಮತ್ತ.

ಶನಿವಾರ. ಹೊಸಾ ಡಾಕ್ಟರ್, ಎಳೇ ಮೀಸಿ.
ಏ, ಬಾ ಇಲ್ಲಿ, ಇದು ಒರಸು.
ನಾ ನಿಂತೆ.
ನಾಕು ದಿನ ಖಾಸಿಂನ ಲಿಫ್ಟಿನ್ಯಾಗ
ಮ್ಯಾಲ ಕೆಳಗ ಬಾಯಿಪಾಠ ಮಾಡಿದ್ದು
ಒಮ್ಮೆಲೇ ಹೊರಗ ಬಂತು:
ಸಾರಿ ಡಾಕ್ಟರ್,
ಕುಡ್ ಯೂ ಸೇ ದಟ್ ಅಗೇನ್, ಪ್ಲೀಸ್?

ವಾರ್ಡಿನ್ಯಾಗ ಫ್ಯಾನಿನ ಸಪ್ಪಳ ಅಷ್ಟೇ.
ಸ್ಟ್ರೆಚರಿನ ಹುಡುಗ ಗ್ವಾಡಿಗಿ ಮುಖ ಮಾಡಿ ನಿಂತ,
ಅವನ ಹೆಗಲು ಕುಣೀಲತ್ತಿದ್ವು.
ಡಾಕ್ಟರ್ ನನ್ನ ಬ್ಯಾಡ್ಜಿನ್ಯಾಗ ಹೆಸರು ಹುಡುಕಿದ.
ಅದರಾಗ ಬರ್ದಿದ್ದು: ಹೌಸ್‌ಕೀಪಿಂಗ್, ಹದಿನಾಕು.

ಹದಿನಾಕರಿಗಿ 'ರೀ' ಹಚ್ಚಲಿಕ್ಕೆ ಬರೂದಿಲ್ಲ.
ಸಾಬಮ್ಮ, ಅಂದೆ.
ಸಾಬಮ್ಮ, ಅಂದ. ತಡದು,
ಇದು ಜರಾ... ಅಂದ. ಅಲ್ಲೇ ನಿಂತ.

'ರೀ' ಇನ್ನಾ ಬಂದಿಲ್ಲ.
ನಾ ಒರಸ್ಲತ್ತೀನಿ.
ನೆಲ ಹಸಿ ಅದ,
ನಿದಾನ ಬರ್ಲಿ.